ಕಾದಿರು ಎಂದ ಗುರುಗಳು, ಕಾದ ಅಣ್ಣ

ಆ ಮನೆಯ ದೊಡ್ಡ ಮಗ ಕೆರೆಯ ಪಾಚಿಯ ಮೇಲೆ ಪಿಎಚ್.ಡಿ. ಮಾಡಿದ್ದ. ಬಸ್ ಡ್ರೈವರ್ ಆಗಿ ನಿವೃತ್ತರಾದ ಅಪ್ಪ ಬೀದಿಯಲ್ಲಿ ಸಿಕ್ಕವರಿಗೆಲ್ಲ "ನಮ್ಮ ಡಾಕ್ಟ್ರು" ಎಂದೇ ಹೇಳಿಕೊಳ್ಳುತ್ತಿದ್ದರು.

"ವಿಭಾಗದಲ್ಲಿ ಒಂದು ಹುದ್ದೆ ಖಾಲಿಯಾಗುತ್ತೆ. ಅದು ನಿನಗೇ, ಕಾದಿರು" ಎಂದು ಮಾರ್ಗದರ್ಶಕರು ಹೇಳಿದ್ದರು. ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಾ ಅವನು ಕಾದ. ಬೇರೆಲ್ಲೂ ಅರ್ಜಿ ಹಾಕಲಿಲ್ಲ. ಹಾಕಿದರೆ ಗುರುಗಳು ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ. ಗುರುಗಳು ನಿವೃತ್ತರಾದರು. ಹುದ್ದೆ ರದ್ದಾಯಿತು. ಕೊನೆಗೆ ವಿಭಾಗಕ್ಕೇ ಬೀಗ ಬಿತ್ತು. ಅಷ್ಟರಲ್ಲಿ ಸರ್ಕಾರಿ ಹುದ್ದೆಗಳ ವಯೋಮಿತಿ ಮೀರಿತ್ತು, ಮದುವೆಯ ಮಾತೂ ನಿಂತಿತ್ತು. ಮನೆಗೆ ಯಾರಾದರೂ ಬಂದರೆ ಅವನು ರೂಮಿನ ಚಿಲಕ ಹಾಕಿಕೊಳ್ಳುತ್ತಿದ್ದ.

ಈಗ ತಂಗಿಯೂ ಬೇರೊಂದು ವಿಶ್ವವಿದ್ಯಾಲಯದಲ್ಲಿ, ಅದೇ ವಿಷಯದಲ್ಲಿ ಸಂಶೋಧನೆಯ ಎರಡನೇ ವರ್ಷದಲ್ಲಿದ್ದಳು. ಅಣ್ಣನ ಜೊತೆ ಓದಿದ್ದ ಒಬ್ಬಾಕೆ ನೀರು ಸರಬರಾಜಿನ ಪ್ರಯೋಗಾಲಯದಲ್ಲಿದ್ದಳು; ಅವಳನ್ನು ಎಲ್ಲರೂ ನೀರಕ್ಕ ಎನ್ನುತ್ತಿದ್ದರು. ರಜೆಯಲ್ಲಿ ಅವಳ ಹತ್ತಿರ ಕೆಲಸ ಕಲಿಯಲು ತಂಗಿ ಹೊರಟಾಗ ಅಪ್ಪ ತಡೆದರು. ನೀರಕ್ಕ ಮನೆಗೇ ಬಂದಳು.

"ಅಲ್ಲಮ್ಮ, ನಲ್ಲಿ ನೀರು ನೋಡೋಕೆ ಡಾಕ್ಟರೇಟ್ ಯಾಕೆ ಬೇಕು? ಮೊದಲು ಓದು ಮುಗೀಲಿ. ಕೆಲಸ ಆಮೇಲೆ ನೋಡಿದ್ರಾಯ್ತು" ಎಂದರು ಅಪ್ಪ.

"ಆಮೇಲೆ ಅಂದ್ರೆ ತಡ ಆಗುತ್ತೆ ಅಂಕಲ್. ನಮ್ಮ ಜೊತೆ ಮುಗಿಸಿದವರಲ್ಲಿ ಕಾಲೇಜಲ್ಲಿ ಕೆಲಸ ಸಿಕ್ಕಿದವರು ಬೆರಳೆಣಿಕೆ. ಬೇರೆ ದಾರಿ ಇದೆ ಅಂತ ಉಳಿದವರಿಗೆ ಯಾರೂ ಹೇಳ್ಲಿಲ್ಲ. ನೀರಲ್ಲಿ ವಿಷದ ಪಾಚಿ ಬಂದ್ರೆ ಗುರುತು ಹಿಡಿಯೋರು ನಮಗೆ ಬೇಕು. ಇವಳಿಗೆ ಅದು ಬರುತ್ತೆ. ಬರುತ್ತೆ ಅಂತ ಹೊರಗಿನವರಿಗೂ ಗೊತ್ತಾಗ್ಬೇಕಲ್ಲ."

"ಇವಳ ಗುರುಗಳು ಏನಂದ್ಕೋತಾರೆ?"

ರೂಮಿನ ಬಾಗಿಲು ತೆರೆಯಿತು. ಗಡ್ಡ ಬಿಟ್ಟ ಅಣ್ಣ ಹೊಸ್ತಿಲಲ್ಲೇ ನಿಂತ.

"ಕಳಿಸಿ ಅಪ್ಪ. ನಾನೂ ಅದನ್ನೇ ಯೋಚಿಸ್ತಾ ಕೂತೆ. ನನ್ನ ಗುರುಗಳು ಕೆಟ್ಟವರಲ್ಲ, ಹುದ್ದೆ ಅವರ ಕೈಲಿರ್ಲಿಲ್ಲ ಅಷ್ಟೆ. ಆಫೀಸಲ್ಲಿ ಒಂದು ಮಾತು ವಿಚಾರಿಸಿದ್ರೆ, ಅದನ್ನ ತುಂಬೋಕೆ ಮಂಜೂರಾತಿನೇ ಇಲ್ಲ ಅಂತ ತಿಳೀತಿತ್ತು."

ಅಪ್ಪ ಎದ್ದು ಮಗನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಮಗಳತ್ತ ತಿರುಗಿ, "ಹೋಗ್ಬಾ ಕಂದ" ಎಂದರು.

ಹೋಗುವ ಮುಂಚೆ ನೀರಕ್ಕ ಅಣ್ಣನ ಬಯೋಡೇಟಾ ತಿದ್ದಿಕೊಟ್ಟಳು: ಪ್ರಬಂಧಗಳ ಹೆಸರು ಹಿಂದಕ್ಕೆ, ಕೈಯಾರೆ ಮಾಡಬಲ್ಲ ಕೆಲಸ ಮುಂದಕ್ಕೆ. "ನಿನಗೆ ಕಷ್ಟ ಆಗುತ್ತೆ ಕಣೋ. ಆದ್ರೂ ಹಾಕು" ಎಂದಳು. ಅವನು ಅರ್ಜಿ ಹಾಕಿದ. ಒಂದು ಕಡೆ ಅವನ ಓದು ಜಾಸ್ತಿಯಾಯಿತು ಎಂದರು. ಇನ್ನೊಂದು ಕಡೆ "ಇಷ್ಟು ವರ್ಷ ಏನ್ಮಾಡ್ತಿದ್ರಿ?" ಎಂದು ಕೇಳಿದರು.

ರಜೆಗಳಲ್ಲಿ ನೀರಕ್ಕನ ಹತ್ತಿರ ಕೆಲಸ ಕಲಿತ ತಂಗಿಗೆ, ಪ್ರಬಂಧ ಒಪ್ಪಿಸುವ ಮೊದಲೇ ಒಂದು ಪ್ರಯೋಗಾಲಯದಿಂದ ಕೆಲಸದ ಕರೆ ಬಂತು. ಅವಳು ಕೆಲಸಕ್ಕೆ ಸೇರಿದ ದಿನ ಅಣ್ಣ ಅವಳನ್ನು ಬಸ್ ಹತ್ತಿಸಿ ಬಂದು, ಮತ್ತೊಂದು ಅರ್ಜಿ ಬರೆಯಲು ಕುಳಿತ. ಅವನಿಗೆ ಇನ್ನೂ ಕೆಲಸ ಸಿಕ್ಕಿಲ್ಲ.

ಸಂಶೋಧನೆ ಮಾಡುತ್ತಿರುವ ತಮ್ಮಂದಿರೇ, ತಂಗಿಯರೇ, ಪದವಿ ಕೈಗೆ ಬರಲಿ ಎಂದು ಕೂರಬೇಡಿ. ಕಾಲೇಜಿನ ಹೊರಗೆ ದುಡಿಯುವ ನಿಮ್ಮ ಹಿರಿಯರೊಬ್ಬರನ್ನು ಈ ವಾರವೇ ಮಾತಾಡಿಸಿ. ಹುದ್ದೆ ಇದೆ ಎಂದು ಯಾರಾದರೂ ಹೇಳಿದರೆ, ಅದು ಮಂಜೂರಾಗಿದೆಯೇ ಎಂದು ಕೇಳಿ, ಕೇಳುವುದು ಅವಿನಯವಲ್ಲ. ಮನೆಯವರೇ, "ಇನ್ನೂ ಕೆಲಸ ಸಿಗಲಿಲ್ಲವೇ" ಎನ್ನುವ ಬದಲು ಪಕ್ಕದಲ್ಲಿ ಕುಳಿತು ಮಾತಾಡಿ. ಕಳೆದುಹೋದ ವರ್ಷಗಳನ್ನು ಯಾವ ಪದವಿಯೂ ವಾಪಸು ಕೊಡುವುದಿಲ್ಲ.