ರಕ್ತನಾಳದ ಬಿಳಿ ಅಂಚು

ಪರದೆಯ ಮೇಲೆ ಅಣ್ಣನ ಲಿವರ್ ಬೂದಿ ಬಣ್ಣದಲ್ಲಿತ್ತು. ಅದರಲ್ಲೊಂದು ಸಣ್ಣ ಗಡ್ಡೆ ಇರುವುದು ತಂಗಿಗೆ ಮೊದಲೇ ಗೊತ್ತಿತ್ತು. ತನ್ನ ಲಿವರಿನ ಒಂದು ಭಾಗ ಕೊಡಲು ಅವಳು ಒಪ್ಪಿದ್ದೂ ಆಗಿತ್ತು. ಆದರೆ ಈಗ ಸ್ಕ್ಯಾನಿಂಗ್ ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸುತ್ತಿದ್ದುದು ಬೇರೆಯದನ್ನು: ಲಿವರಿಗೆ ಹೋಗುವ ದೊಡ್ಡ ರಕ್ತನಾಳದಲ್ಲಿ ಏನೋ ಸಿಕ್ಕಿಕೊಂಡಿತ್ತು.

“ಬರೀ ರಕ್ತ ಹೆಪ್ಪುಗಟ್ಟಿದ್ರೆ ಆಪರೇಷನ್ ಮಾಡಬಹುದು. ಗಡ್ಡೆಯೇ ನಾಳದೊಳಗೆ ಬೆಳೆದಿದ್ರೆ ನೀವು ಕೊಟ್ಟೂ ಪ್ರಯೋಜನ ಇಲ್ಲ.”

“ಹೇಗೆ ಗೊತ್ತಾಗುತ್ತೆ?”

“ಗಡ್ಡೆಗೆ ರಕ್ತ ಹರೀತಿರುತ್ತೆ. ಕೈಯ ನರಕ್ಕೆ ಚುಚ್ಚಿದ ಔಷಧಿ ಕುಡಿದು ಚಿತ್ರದಲ್ಲಿ ಬೆಳ್ಳಗಾಗುತ್ತೆ. ಹೆಪ್ಪು ಕುಡಿಯಲ್ಲ.”

“ಇದು ಬೆಳ್ಳಗಿದೆ.”

“ಔಷಧಿಗೆ ಮುಂಚೇನೂ ಬೆಳ್ಳಗಿತ್ತು. ಕೆಲವು ಹೆಪ್ಪು ಹಾಗೇ. ಅದಕ್ಕೇ ಆಮೇಲಿನ ಚಿತ್ರದಿಂದ ಮೊದಲಿನದನ್ನ ಕಳೀತೀವಿ. ಕಳೆದ ಮೇಲೂ ಉಳಿದ ಬಿಳಿ ಕೆಟ್ಟದ್ದು.”

“ಉಳಿದಿದ್ಯಾ?”

“ಅಂಚಲ್ಲಿ ಉಳಿದಿದೆ. ನಡುವೆ ಇಲ್ಲ. ಅದೇ ನಂಗೂ ಅರ್ಥವಾಗ್ತಿಲ್ಲ.”

ತಂಗಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಗಾಜು ಬದಲಿಸುತ್ತ ದಿನವಿಡೀ ಕೇಳುತ್ತಾಳೆ. ಎರಡೂ ಒಂದೇ ಥರ ಅನ್ನುವವರ ಮೇಲೆ ಒಳಗೊಳಗೇ ರೇಗುತ್ತಾಳೆ. ಈಗ ಅವಳಿಗೂ ಪರದೆಯ ಮೇಲಿನ ಬಿಳಿಯೆಲ್ಲ ಒಂದೇ ಥರ ಕಂಡಿತು. ಬಿಳಿ ಕೆಟ್ಟದ್ದು, ಕಪ್ಪು ಒಳ್ಳೆಯದು. ಕೆಟ್ಟದ್ದಾದರೆ ಅಣ್ಣ ಉಳಿಯುವುದಿಲ್ಲ. ಒಳ್ಳೆಯದಾದರೆ ತನ್ನ ಹೊಟ್ಟೆ ಕೊಯ್ಯುತ್ತಾರೆ. ತಾನು ಯಾವುದನ್ನು ಬಯಸುತ್ತಿದ್ದೇನೆ ಎಂದು ಕೇಳಿಕೊಂಡಳು. ತಕ್ಷಣ ಬರಬೇಕಾದ ಉತ್ತರ ತುಸು ತಡವಾಗಿ ಬಂತು. ಆ ತಡಕ್ಕೆ ಅವಳು ಹೆದರಿದಳು.

ಡಾಕ್ಟರಮ್ಮ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. “ಎರಡನೇದರಲ್ಲಿ ಲಿವರ್ ಕೆಳಗೆ ಜಾರಿದೆ. ಒಂದರ ಮೇಲೊಂದು ಕೂರ್ತಾನೇ ಇಲ್ಲ. ಅಂಚಿನ ಬಿಳಿ ಅದರಿಂದಲೂ ಬಂದಿರಬಹುದು. ನಿಮ್ಮಣ್ಣನ್ನ ಕರೀರಿ.”

ಅಣ್ಣ ಆಸ್ಪತ್ರೆಯ ಸಡಿಲ ಅಂಗಿಯಲ್ಲೇ ಬಂದ. ಮಕ್ಕಳಿಗೆ ಈಜು ಕಲಿಸುತ್ತ ತಲೆ ನರೆತವನು.

“ಮಾಸ್ತರೇ, ಉಸಿರು ಪೂರ್ತಿ ಬಿಟ್ಟು ಹಿಡೀರಿ ಅಂದಿದ್ವಲ್ಲ?”

“ಮೊದಲನೇ ಸಲ ಹಾಗೇ ಮಾಡಿದೆ ತಾಯಿ.”

“ಔಷಧಿ ಕೊಟ್ಟ ಮೇಲೆ?”

ಅಣ್ಣ ತಂಗಿಯ ಕಡೆ ನೋಡಿದ. “ಕೈಯೊಳಗೆ ತಣ್ಣಗೆ ಹರೀತು. ನೀರಿಗೆ ಬಿದ್ದ ಹಾಗಾಯ್ತು. ಎದೆ ತುಂಬಾ ಉಸಿರು ತಗೊಂಡ್ಬಿಟ್ಟೆ. ಖಾಲಿ ಎದೇಲಿ ಯಾರಾದ್ರೂ ಮುಳುಗ್ತಾರಾ?”

“ನಿನ್ನನ್ನ ಮುಳುಗು ಅಂದೋರು ಯಾರೋ?” ಎಂದಳು ತಂಗಿ.

“ಅಭ್ಯಾಸ ಕಣೇ.”

ಔಷಧಿ ಮೈಯಿಂದ ಪೂರ್ತಿ ಇಳಿಯಲೆಂದು ಕೆಲವು ದಿನ ಬಿಟ್ಟು ಮತ್ತೆ ಕರೆದರು. ಅಷ್ಟು ದಿನವೂ ಅಣ್ಣ ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟು ಹಿಡಿಯುವುದನ್ನು ಕಲಿತ. ತಂಗಿ ಎದುರು ಕೂತು ಕೈಯೆತ್ತಿ ಸನ್ನೆ ಮಾಡುತ್ತಿದ್ದಳು.

ಈ ಸಲ ಚಿತ್ರಗಳು ಸರಿಯಾಗಿ ಕೂತವು. ಡಾಕ್ಟರಮ್ಮ ಒಂದರಿಂದ ಇನ್ನೊಂದನ್ನು ಕಳೆದರು. “ಪೂರ್ತಿ ಕಪ್ಪು,” ಎಂದರು.

ಗಾಬರಿಯಲ್ಲಿ ತಂಗಿಗೆ ಕಪ್ಪು ಬಿಳಿ ಅದಲುಬದಲಾಗಿ ಕಣ್ಣು ತುಂಬಿತು. “ಅಯ್ಯೋ, ಅಂದ್ರೆ ಏನೂ ಮಾಡಕ್ಕಾಗಲ್ವಾ?”

“ಕಪ್ಪೇ ಒಳ್ಳೇದಮ್ಮ. ಬೇರೆ ಚಿತ್ರಗಳೂ ಅದನ್ನೇ ಹೇಳ್ತಿವೆ. ಬರೀ ಹೆಪ್ಪು.”

ಅತ್ತದ್ದು ಅಣ್ಣ ಉಳಿಯುವುದಿಲ್ಲವೆಂದು; ತಾನು ಬಯಸಿದ್ದು ಯಾವುದನ್ನೆಂದು ಅವಳಿಗೆ ಗೊತ್ತಾಯಿತು. ಆಮೇಲೆ ಆಪರೇಷನ್ನಿನ ಹೆದರಿಕೆಯೂ ಬಂತು. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅಣ್ಣ ಅವಳ ಪಕ್ಕ ಕೂತ. “ಬೇಡ ಅನ್ನಿಸಿದ್ರೆ ಈಗಲೂ ಹೇಳು. ನಾನೇನೂ ಅಂದ್ಕೊಳಲ್ಲ.”

“ಕೊಡ್ತೀನಿ. ಆದರೆ ಭಯ ಆಗುತ್ತೆ ಕಣೋ. ಖಾಲಿ ಎದೇಲಿ ಮುಳುಗೋದು ಹೇಗೆ, ಹೇಳ್ಕೊಡು.”

ಅಷ್ಟು ಮಕ್ಕಳನ್ನು ನೀರಿಗಿಳಿಸಿದ್ದ ಅಣ್ಣ ಅವಳ ಕಡೆ ತಿರುಗಿದ. “ಮೊದಲು ಉಸಿರು ಪೂರ್ತಿ ಬಿಡು,” ಎಂದು ಅವಳ ಕೈಯನ್ನು ಹಿಡಿದುಕೊಂಡ.