ಬಹುವಚನದ ಬೈಗುಳ

ಮ್ಯಾನೇಜರು ಹಾಳೆಯನ್ನು ತನ್ನ ಕಡೆ ಸರಿಸಿದಾಗ ದುಭಾಷಿಗೆ ಮೊದಲು ಕಂಡದ್ದು ಅದರಲ್ಲಿದ್ದ ಖಾಲಿ ಜಾಗ. ಉಳಿದದ್ದೆಲ್ಲ ಆಗಲೇ ಅಚ್ಚಾಗಿತ್ತು. ‘ಕೆಲಸಗಾರನು ಮೇಸ್ತ್ರಿಯವರಿಗೆ ಆಡಿದ ಪದದ ಅರ್ಥ’ ಎಂದು ಬರೆದು ಮುಂದೆ ಒಂದು ಗೆರೆ. ಕೆಳಗೆ, ‘ಇದು ಅತ್ಯಂತ ಹೀನಾಯವಾದ ಬೈಗುಳವೆಂದು ದೃಢೀಕರಿಸುತ್ತೇನೆ’. ಅದರ ಕೆಳಗೆ ಅವಳ ಸಹಿಗೆ ಇನ್ನೊಂದು ಗೆರೆ.

“ನಾನಿನ್ನೂ ಅರ್ಥಾನೇ ಹೇಳಿಲ್ಲ. ಹೀನಾಯ ಅಂತ ಆಗಲೇ ಹೇಗೆ ಗೊತ್ತಾಯ್ತು ಸಾರ್?”

“ಬೈಗುಳ ಅಂದ್ಮೇಲೆ ಹೀನಾಯವಾಗೇ ಇರುತ್ತಲ್ವಾ ಮೇಡಂ? ಒಂದೇ ಒಂದು ಪದ. ಐದು ನಿಮಿಷದ ಕೆಲಸ.” ಮ್ಯಾನೇಜರು ತಾವೇ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಇಪ್ಪತ್ತು ವರ್ಷದಿಂದ ಆಸ್ಪತ್ರೆ, ಕೋರ್ಟು ಅಂತ ಅಲೆದವಳು ಅವಳು. ಯಾರಾದರೂ ಪೆನ್ನಿನ ಮುಚ್ಚಳ ತೆಗೆದು ಕೈಗಿಟ್ಟರೆಂದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು. ಹಾಳೆಯ ಜೊತೆಗಿದ್ದ ಮೇಸ್ತ್ರಿಯ ದೂರಿನ ತಾರೀಖು ನೋಡಿದಳು. ಬೈದು ಹನ್ನೊಂದು ದಿನವಾದ ಮೇಲೆ ಬರೆದದ್ದು. ಬೈಸಿಕೊಂಡವನಿಗೆ ಉರಿ ಹತ್ತಲು ಹನ್ನೊಂದು ದಿನ ಬೇಕೇ? ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿಯ ಕಡೆ ತಿರುಗಿದಳು. ಅಗಲ ಭುಜದ ಆ ಮನುಷ್ಯ ಸೀಲಿಂಗಿನ ಫ್ಯಾನು ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದ. ಫ್ಯಾನು ಇದ್ದದ್ದು ಒಂದೇ.

“ಬೈದವನ ಹತ್ರ ಮಾತಾಡದೆ ಸಹಿ ಹಾಕಲ್ಲ,” ಎಂದು ಅವಳು ಮುಚ್ಚಳ ಮುಚ್ಚಿದಳು.

ಅದು ಆಸ್ಪತ್ರೆಗಳ, ಹೋಟೆಲುಗಳ ಚಾದರ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆ. ಕೆಲಸಗಾರನನ್ನು ಎಲ್ಲರೂ ‘ಏಣಿ’ ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಉದ್ದ. ಅವನ ಭಾಷೆ ಇಲ್ಲಿನದಲ್ಲ. ದುಭಾಷಿಯ ಗಂಡನ ಮನೆಯ ಭಾಷೆಯೇ ಅದು. ಬಟ್ಟೆಗಂಟುಗಳ ಸಂದಿಯಲ್ಲಿ ನಿಂತು ಅವಳು ಆ ಭಾಷೆಯಲ್ಲಿ ಕೇಳಿದಳು:

“ಆ ಮಾತು ಅಂದಿದ್ದು ನಿಜಾನಾ?”

“ಅಂದೆ ಅಕ್ಕ. ಆದರೆ ಅದು ಬೈಗುಳವೇ ಅಲ್ಲ. ನಮ್ಮಲ್ಲಿ ಮಕ್ಕಳಿಗೆ ಅಂತಾರೆ, ಗೆಳೆಯರಿಗೆ ಅಂತಾರೆ. ಪ್ರೀತಿಯ ಮಾತು.” ಹೇಳುತ್ತಲೇ ನಕ್ಕ. ನಗು ಬಾಯಲ್ಲಿತ್ತು, ಕಣ್ಣಿಗೆ ಬಂದಿರಲಿಲ್ಲ. ಉತ್ತರವೂ ಬಾಯಿಪಾಠ ಒಪ್ಪಿಸಿದ ಹಾಗೆ ಪಟಪಟನೆ ಬಂದಿತ್ತು. ಸುತ್ತ ಯಾರೂ ಪ್ರೀತಿಯಿಂದ ಮಾತಾಡುವಂತೆ ಕಾಣದ ಹಬೆ ತುಂಬಿದ ಆ ಶೆಡ್ಡಿನಲ್ಲಿ, ಅದೂ ಮೇಸ್ತ್ರಿಯ ಮೇಲೆ, ಇವನಿಗೆ ಯಾಕೆ ಅಷ್ಟು ಪ್ರೀತಿ ಉಕ್ಕಿತು? ಅವರನ್ನೂ ನಂಬುವ ಹಾಗಿಲ್ಲ, ಇವನನ್ನೂ ನಂಬುವ ಹಾಗಿಲ್ಲ.

ನಾಚಿಕೆಯ ಸಂಗತಿಯೆಂದರೆ ಅವಳಿಗೂ ಆ ಪದ ಸರಿಯಾಗಿ ಗೊತ್ತಿರಲಿಲ್ಲ. ಪಿತ್ತಕೋಶಕ್ಕೆ, ಜಾಮೀನಿಗೆ, ವಿಚ್ಛೇದನಕ್ಕೆ ಆ ಭಾಷೆಯಲ್ಲಿ ಏನನ್ನುತ್ತಾರೆಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಿಯಾಳು. ಬೈಗುಳವನ್ನು ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ. ಭಾಷೆ ಕಲಿಸಿದವರು ಅತ್ತೆ, ಅಡುಗೆಮನೆಯಲ್ಲಿ. ಸೊಸೆಗೆ ಕೇಳುವಂತೆ ಆಕೆ ಎಂದೂ ಬೈದವರಲ್ಲ.

ಸಂಜೆ ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಎದುರು ಕೂತು ಅವಳು ಆ ಪದವನ್ನು ಮೆಲ್ಲಗೆ ಅಂದಳು. ಅತ್ತೆಯ ಕೈ ನಿಂತಿತು.

“ಯಾರೇ ನಿನಗೆ ಹಾಗಂದಿದ್ದು?”

“ನನಗಲ್ಲ ಅತ್ತೆ. ಕೆಲಸದ ವಿಷಯ.”

“ನನ್ನ ಮಗ ಅಂದ್ನಾ?”

“ಅಯ್ಯೋ, ನನಗಲ್ಲ ಅಂದೆನಲ್ಲ!”

ಅತ್ತೆಗೆ ನಂಬಿಕೆ ಬರಲು ಮುಕ್ಕಾಲು ಕಟ್ಟು ಸೊಪ್ಪು ಮುಗಿಯಬೇಕಾಯಿತು. ಆಮೇಲೆ ದನಿ ತಗ್ಗಿಸಿ ಹೇಳಿದರು. ಅದರ ಅರ್ಥ, ‘ಹೆತ್ತವಳೇ ಬೇಡವೆಂದು ಕೈತೊಳೆದುಕೊಂಡವನು’.

“ಪ್ರೀತಿಯ ಮಾತು ಅಂತಾನಲ್ಲ ಅವನು?”

“ಪ್ರೀತಿಗೂ ಅಂತೀವಿ. ನಿನ್ನ ಗಂಡ ಚಿಕ್ಕವನಿದ್ದಾಗ ದಿನಕ್ಕೆ ಹತ್ತು ಸಲ ಅಂದಿದೀನಿ. ನೀವು ಮಕ್ಕಳನ್ನ ಎತ್ಕೊಂಡು ‘ಮುಂಡೇದೇ’ ಅಂತ ಮುದ್ದು ಮಾಡಲ್ವಾ? ನಾನು ಹೊಸದಾಗಿ ನಿಮ್ಮ ಮಾತು ಕಲಿಯೋವಾಗ ಪಕ್ಕದ ಮನೆಯವಳು ಕೂಸಿಗೆ ಹಾಗಂದಳು. ಅರ್ಥ ಕೇಳ್ಕೊಂಡು ಬಂದು ಹೆದರಿಬಿಟ್ಟೆ. ಗಂಡ ಕಣ್ಮುಂದೆ ಓಡಾಡ್ಕೊಂಡಿದ್ದಾನೆ, ಇವಳು ಮಗೂನ ವಿಧವೆ ಕೂಸು ಅಂತಾಳಲ್ಲ ಅಂತ!”

ದುಭಾಷಿಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ಹುರುಪು ಬಂತು. ನಿಮ್ಮಲ್ಲಿ ಕತ್ತೆ ಎಂದರೆ ದಡ್ಡ, ನಮ್ಮಲ್ಲಿ ಕತ್ತೆ ಎಂದರೆ ದುಡಿದು ಸಾಯುವವನು, ಪಾಪ ಅಂತ ಲೆಕ್ಕ. ನಿಮ್ಮಲ್ಲಿ ‘ಕಳ್ಳಿ’ ಅಂತ ಮೊಮ್ಮಗಳ ಕೆನ್ನೆ ಹಿಂಡುತ್ತೀರಿ, ನಮ್ಮಲ್ಲಿ ಹಾಗಂದರೆ ನೆಂಟಸ್ತನ ಮುರಿದು ಬೀಳುತ್ತದೆ. ತನ್ನೆದುರು ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಮುದುಕಿಗೆ ಇಷ್ಟೊಂದು ಗೊತ್ತಿದೆಯೇ ಎಂದು ಸೊಸೆ ಬೆರಗಾದಳು.

“ಹಾಗಾದ್ರೆ ಅವನು ಹೇಳಿದ್ದು ನಿಜ,” ಎಂದಳು.

“ತಡಿಯೇ. ಅದರ ಬಾಲ ಏನಿತ್ತು? ‘ನೀನು’ ಬಾಲಾನಾ, ‘ನೀವು’ ಬಾಲಾನಾ?”

ದೂರಿನಲ್ಲಿ ಬರೆದಿದ್ದ ಪದವನ್ನು ಅವಳು ಇದ್ದ ಹಾಗೆ ಅಂದು ತೋರಿಸಿದಳು. ಕೊನೆಯಲ್ಲಿ ಗೌರವದ ಪ್ರತ್ಯಯವಿತ್ತು. ಅತ್ತೆ ಬುಟ್ಟಿಯನ್ನು ಪಕ್ಕಕ್ಕಿಟ್ಟರು.

“ಏಕವಚನದಲ್ಲಿ ಅಂದ್ರೆ ಮುದ್ದು. ಬಹುವಚನ ಹಚ್ಚಿ ದೊಡ್ಡೋರಿಗೆ ಅಂದ್ರೆ ಅದಕ್ಕಿಂತ ಕೆಟ್ಟ ಮಾತು ನಮ್ಮಲ್ಲಿ ಇಲ್ಲ. ‘ತಮ್ಮನ್ನು ತಮ್ಮ ತಾಯಿಯವರೇ ಬೇಡ ಅಂದರಲ್ಲ ಸ್ವಾಮಿ’ ಅಂದ ಹಾಗೆ. ಸುಮ್ಸುಮ್ನೆ ಯಾರೂ ಅನ್ನಲ್ಲ. ಏನು ಮಾಡಿದ್ದನಂತೆ ಆ ಮೇಸ್ತ್ರಿ?”

ಆ ಪ್ರಶ್ನೆಯನ್ನು ದೂರಿನಲ್ಲಿ ಯಾರೂ ಕೇಳಿರಲಿಲ್ಲ.

ಮರುದಿನ ಮ್ಯಾನೇಜರು ಇಟ್ಟಿದ್ದ ದೂರಿನ ವಿಚಾರಣೆಗೆ ಅರ್ಧ ಗಂಟೆ ಮುಂಚೆಯೇ ಹೋಗಿ ಅವಳು ಏಣಿಯನ್ನು ಹಿಡಿದಳು. “ಪ್ರೀತಿಯ ಮಾತು ಅಂತ ನನ್ನ ಕಿವಿಗೇ ಹೂವಿಡ್ತೀಯಾ? ಅದರ ಬಾಲದ ಬಗ್ಗೆ ನನ್ನ ಅತ್ತೆಗೆ ಚೆನ್ನಾಗಿ ಗೊತ್ತು.”

ಅವನ ಮುಖ ಕಪ್ಪಿಟ್ಟಿತು. ಅವಳೂ ಮ್ಯಾನೇಜರ ಕಡೆಯವಳೇ, ಬಾಯಿ ಬಿಡಿಸಲೆಂದೇ ಬಂದವಳು ಎಂದುಕೊಂಡಿದ್ದೆ ಎಂದ. ಕೈಸನ್ನೆ ಮಾಡಿ ಇಸ್ತ್ರಿ ಯಂತ್ರದ ಹತ್ತಿರ ಕರೆದುಕೊಂಡು ಹೋದ. ಮಂಚದಷ್ಟು ಅಗಲದ ಬಿಸಿ ರೋಲರುಗಳು. ಒದ್ದೆ ಚಾದರ ಒಳಗೆ ಹೋಗುವಲ್ಲಿ ಅಡ್ಡಲಾಗಿ ಒಂದು ಪಟ್ಟಿ. ಅದಕ್ಕೆ ಬೆರಳು ತಾಗಿದರೆ ಯಂತ್ರ ನಿಲ್ಲಬೇಕು. ಪಟ್ಟಿಯ ಎರಡೂ ತುದಿಗೆ ತಂತಿ ಸುತ್ತಿ ಬಿಗಿದಿತ್ತು.

“ಪದೇ ಪದೇ ನಿಲ್ಲುತ್ತೆ, ಕೆಲಸ ತಡವಾಗುತ್ತೆ ಅಂತ ಮೇಸ್ತ್ರಿನೇ ಕಟ್ಟಿದ್ದು. ಆವತ್ತು ಚಾದರ ಹಿಡಿಯೋ ಅಕ್ಕನ ಕೈ ಒಳಗೆ ಹೋಯಿತು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದವನು ನಾನು. ಮೇಸ್ತ್ರಿ ಬಂದು, ಅಕ್ಕನ್ನ ಆಸ್ಪತ್ರೆಗೆ ಕಳಿಸಿ, ತಿರುಗಿ ಯಂತ್ರ ಶುರು ಮಾಡು ಅಂದ. ತಂತಿ ಹಾಗೇ ಇತ್ತು. ಆಗ ಅಂದೆ. ಆಮೇಲೂ ತಂತಿ ಬಿಚ್ಚಿ ಅಂತ ಕೇಳ್ತಾನೇ ಇದ್ದೆ, ಅದಕ್ಕೇ ನನ್ನ ಕೆಲಸದಿಂದ ತೆಗೆಯೋಕೆ ಈಗ ಈ ದೂರು.”

“ಪೂರ್ತಿ ಏನಂದೆ? ಒಂದಕ್ಷರಾನೂ ಬಿಡಬೇಡ.”

ಅವನು ಹೇಳಿದ. ಅವಳು ಬರೆದುಕೊಂಡಳು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ನಿನ್ನೆ ಸುಳ್ಳು ಹೇಳಿದ ಬಾಯಿ ಅದು. ಇವತ್ತಿನದನ್ನು ನಂಬುವುದಾದರೂ ಹೇಗೆ?

ವಿಚಾರಣೆಯಲ್ಲಿ ನಾಲ್ವರೇ ಇದ್ದರು. ಮ್ಯಾನೇಜರು ಹಾಳೆ ಮುಂದಿಟ್ಟು, “ಪದ ಬೈಗುಳ ಹೌದೋ ಅಲ್ವೋ, ಅಷ್ಟು ಹೇಳಿ ಮೇಡಂ,” ಎಂದರು.

“ಹೌದು. ತುಂಬಾ ಕೆಟ್ಟ ಬೈಗುಳ.”

ಏಣಿ ತಲೆ ತಗ್ಗಿಸಿದ. ಮೇಸ್ತ್ರಿಯ ಭುಜ ಸಡಿಲವಾಯಿತು. ಅದನ್ನು ಗಮನಿಸಿಯೇ ಅವಳು ಅವನ ಕಡೆ ತಿರುಗಿದಳು. “ಇದು ಎಂಥಾ ವಾಕ್ಯದಲ್ಲಿ ಬಂತು ಅನ್ನೋದೂ ನನಗೆ ಬೇಕು. ಬೈಯೋಕೆ ಮುಂಚೆ ಅವರು ಬೇರೆ ಏನಾದ್ರೂ ಅಂದ್ರಾ?”

“ಏನೂ ಇಲ್ಲ. ಬಂದ, ಬೈದ, ಅಷ್ಟೇ.”

“ನಮ್ಮ ಮಾತಿನ ಪದ ಒಂದೂ ನಿಮ್ಮ ಕಿವಿಗೆ ಬೀಳಲಿಲ್ವಾ? ಯಂತ್ರದ ಸಾಮಾನಿಗೆಲ್ಲ ಇವರು ನಮ್ಮ ಪದಾನೇ ಬಳಸೋದು. ರೋಲರು, ಪಟ್ಟಿ...”

“ಇಲ್ಲ ಅಂದ್ನಲ್ಲ.”

“ಅವರು ಬರೀ ಕೆಲಸ ಬಿಟ್ಟು ಹೋಗ್ತೀನಿ ಅಂದಿರಬೇಕು, ನಿಮಗೆ ಕೇಳಿಸಿರಲ್ಲ,” ಎಂದು ಅವಳು ತಣ್ಣಗೆ ಬರೆಯತೊಡಗಿದಳು.

“ಕೆಲಸ ಬಿಡ್ತಾನಾ ಇವನು? ದರ್ಪ ಮಾಡ್ತಾನೆ ಮೇಡಂ! ಎಲ್ಲರ ಮುಂದೆ ‘ತಂತಿ, ತಂತಿ’ ಅಂತ ನನಗೇ ಬೆರಳು ತೋರಿಸಿದ. ತಂತಿ ಬಿಚ್ಚು ಅನ್ನೋಕೆ ಇವನ್ಯಾವನು, ಬಡ್ಡೀಮಗ!”

ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಆಗ ಅವಳಿಗೆ ಖಚಿತವಾಯಿತು, ತಂತಿಯ ವಿಷಯ ಅವರಿಗೂ ಮೊದಲಿಂದ ಗೊತ್ತಿತ್ತು.

“ಕೊನೆಯ ಪದಾನೂ ಇವರ ಭಾಷೆಯಲ್ಲಿ ಹೇಳಲಾ ಸಾರ್?” ಎಂದು ಕೇಳಿದಳು.

ಅಚ್ಚಾದ ಹಾಳೆಯ ಹಿಂದುಗಡೆ ಅವಳು ತನ್ನ ಕೈಯಾರೆ ಬರೆದಳು: ‘ಅಕ್ಕನ ಕೈ ಸುಟ್ಟಿದೆ. ಮೊದಲು ಪಟ್ಟಿಗೆ ಕಟ್ಟಿದ ತಂತಿ ಬಿಚ್ಚಿ, ಆಮೇಲೆ ಯಂತ್ರ ಹಾಕಿ, ತಾಯಿಯೇ ಬೇಡವೆಂದು ಬಿಟ್ಟಂಥವರೇ.’ ಅದರ ಕೆಳಗೆ, ಕೊನೆಯ ಪದವನ್ನು ಬಹುವಚನದಲ್ಲಿ ಆಡಿರುವುದರಿಂದ ಅದು ಘೋರ ಬೈಗುಳವೆಂದೂ, ‘ತಂತಿ’ ಎಂಬ ಮಾತು ಕೇಳಿದ್ದನ್ನು ಮೇಸ್ತ್ರಿಯವರೇ ಒಪ್ಪಿರುವರೆಂದೂ ಬರೆದು ಸಹಿ ಹಾಕಿದಳು. ಒಂದು ಪದಕ್ಕೆ ಕರೆದದ್ದು, ಇಷ್ಟೆಲ್ಲ ಬೇಕಿಲ್ಲ ಎಂದು ಮ್ಯಾನೇಜರು ಗೊಣಗಿದರು. ಅರ್ಧ ಮಾತಿಗೆ ತಾನು ಸಹಿ ಹಾಕುವುದಿಲ್ಲ ಎಂದು ಅವಳು ಎದ್ದಳು. ಏಳುವ ಮುಂಚೆ ಹಾಳೆಯ ಎರಡೂ ಮಗ್ಗುಲನ್ನು ಅವರೆದುರಿಗೇ ಫೋನಿನಲ್ಲಿ ಫೋಟೋ ತೆಗೆದುಕೊಂಡಳು.

ಒಂದು ಪ್ರತಿಯನ್ನು ಅವಳು ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವ ಕಚೇರಿಗೆ ಕಳಿಸಿದಳು. ಎರಡು ವಾರದ ಮೇಲೆ ಅಲ್ಲಿಂದ ಇಬ್ಬರು ಹೋಗಿ ಯಂತ್ರ ನೋಡಿ ತಂತಿ ಬಿಚ್ಚಿಸಿದರು. ಕಾರ್ಖಾನೆಯವರು ಮೇಸ್ತ್ರಿಯನ್ನು ಗೋದಾಮಿಗೆ ಹಾಕಿದರು. ಏಣಿಯ ಕೆಲಸ ಉಳಿಯಿತು, ಆದರೆ ಬೈದ ತಪ್ಪಿಗೆ ಮೂರು ದಿನ ಮನೆಯಲ್ಲಿ ಕೂರಿಸಿದರು. ಆ ಕಾರ್ಖಾನೆಯಿಂದ ದುಭಾಷಿಗೆ ಮತ್ತೆ ಕರೆ ಬರಲಿಲ್ಲ.

ಮುಂದಿನ ತಿಂಗಳು ಬಸ್ ಸ್ಟಾಪಿನಲ್ಲಿ ಏಣಿ ಸಿಕ್ಕ. ಅವಳನ್ನು ಕಂಡೂ ಕಾಣದವನಂತೆ ನಿಂತಿದ್ದವನು, ಬಸ್ಸು ಬಂದಾಗ ಹತ್ತಿರ ಬಂದ.

“ಪ್ರೀತಿಯ ಮಾತು ಅಂತ ಬರೆದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕ? ಮೂರು ದಿನ ಹೆಂಡತಿ ಕೈಲಿ ಬೈಸಿಕೊಂಡೆ.”

“ಅದೊಂದು ಸುಳ್ಳು ಬರೆದಿದ್ದರೆ ತಂತಿಯ ಮಾತನ್ನೂ ಯಾರೂ ನಂಬುತ್ತಿರಲಿಲ್ಲ.”

ಅವನು ಒಪ್ಪಿದನೋ ಬಿಟ್ಟನೋ ತಿಳಿಯಲಿಲ್ಲ. “ಚಾದರ ಹಿಡಿಯೋ ಅಕ್ಕ ಸೋಮವಾರದಿಂದ ಕೆಲಸಕ್ಕೆ ಬರ್ತಾಳಂತೆ. ಎರಡು ಬೆರಳು ಇನ್ನೂ ಮಡಚೋಕೆ ಬರಲ್ಲ,” ಎಂದು ಹೇಳಿ, ತಲೆ ಬಗ್ಗಿಸಿ ಬಸ್ಸು ಹತ್ತಿದ.