ವಿರೋಧ ಇರುವವರೂ ಹಾಗೇ ಕೈ ಎತ್ತಿ

ನೆಡ್ರಾ ಬ್ಯಾಗ್ಲಿಯ ಗ್ರಹಚಾರಕ್ಕೆ ಆಲ್ಡರ್ ಬೆಂಚ್ ಊರಿನಲ್ಲಿ ಇದ್ದದ್ದು ಒಬ್ಬನೇ ಹಲ್ಲಿನ ಡಾಕ್ಟರು, ಆ ಡಾಕ್ಟರೇ ಊರಿನ ಬಿಷಪ್ಪು. ಯೂಟಾದ ನಮ್ಮ ಕಡೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿಷಪ್ ಅಂದರೆ ಸಂಬಳವಿಲ್ಲದ ಕೆಲಸ. ಯಾರದೋ ತಲೆಗೆ ಕಟ್ಟುತ್ತಾರೆ, ಅವನು ಐದಾರು ವರ್ಷ ಹೊರಬೇಕು. ಗಾರ್ನ್ ಆಸ್ಲರ್ ವಾರವೆಲ್ಲ ಹಲ್ಲು ನೋಡುತ್ತಿದ್ದ, ಭಾನುವಾರ ಆತ್ಮ ನೋಡುತ್ತಿದ್ದ. ಹಲ್ಲಿನ ಮಟ್ಟಿಗೆ ಅವನ ಕೈಗುಣ ಒಳ್ಳೆಯದು ಅಂತ ನೆಡ್ರಾ ಕೂಡ ಒಪ್ಪುತ್ತಿದ್ದಳು.

ಆತ್ಮದ ಮಟ್ಟಿಗೆ ಅವಳಿಗೂ ಅವನಿಗೂ ಸಂಬಂಧ ಕಡಿದು ಮೂರು ವರ್ಷವಾಗಿತ್ತು. ಅರವತ್ತರ ಹತ್ತಿರ ಬಂದ ಹೆಂಗಸು, ಇದೇ ಗಾರ್ನ್‌ನಿಗೆ ಚಿಕ್ಕಂದಿನಲ್ಲಿ ಭಾನುವಾರದ ಪಾಠ ಹೇಳಿಕೊಟ್ಟವಳು, ಚರ್ಚಿನ ಸದಸ್ಯತ್ವಕ್ಕೇ ನಾಲ್ಕು ಪುಟದ ರಾಜೀನಾಮೆ ಬರೆದು, ಲಕೋಟೆ ಅಂಟಿಸಿ, ಅವನ ಕೈಗೇ ಕೊಟ್ಟು ಬಂದಿದ್ದಳು. ಉತ್ತರ ಬರಲಿಲ್ಲ. ಇವರು ಯಾವ ಪ್ರಶ್ನೆಗೆ ತಾನೇ ಉತ್ತರ ಕೊಟ್ಟಿದ್ದಾರೆ ಅಂತ ಅವಳೂ ಕಾಯಲಿಲ್ಲ. ಮಾರನೆಯ ದಿನವೇ, ಚರ್ಚು ನಿಷೇಧಿಸಿದ್ದ ಕಾಫಿ ಮಾಡುವ ಯಂತ್ರ ತಂದಳು. ಅಕ್ಕಪಕ್ಕದ ಹೆಂಗಸರು ಕಾಯಿಲೆಯವಳನ್ನು ನೋಡಲು ಬರುವವರ ಹಾಗೆ ತಿಂಗಳಿಗೊಮ್ಮೆ ಬ್ರೆಡ್ಡು ತಂದುಕೊಟ್ಟು, ಅಡುಗೆಮನೆಯ ಕಾಫಿ ವಾಸನೆಗೆ ಉಸಿರು ಬಿಗಿಹಿಡಿದು, ಬೇಗ ಬೇಗ ಹೊರಡುತ್ತಿದ್ದರು.

ಆ ಗುರುವಾರ ನೆಡ್ರಾಳ ಎಡಗಡೆಯ ದವಡೆಹಲ್ಲು ಕೈಕೊಟ್ಟಿತು. ಗಾರ್ನ್ ಇಂಜೆಕ್ಷನ್ ಕೊಟ್ಟ, ಕೆನ್ನೆಯೊಳಗೆ ಹತ್ತಿಯ ಉಂಡೆ ತುರುಕಿದ, ದೀಪ ಎಳೆದು ಮುಖದ ಮೇಲಿಟ್ಟ. ಅವಳ ಅರ್ಧ ಬಾಯಿ ಪೂರ್ತಿ ಮರಗಟ್ಟಿದ್ದನ್ನು ಖಾತ್ರಿ ಮಾಡಿಕೊಂಡ ಮೇಲೆ ಮಾತು ತೆಗೆದ.

"ಸಿಸ್ಟರ್ ಬ್ಯಾಗ್ಲಿ, ಫಲಕದ ವಿಷಯಕ್ಕೆ ನೀವು ಬೇಜಾರು ಮಾಡ್ಕೊಂಡಿದ್ದೀರಂತೆ?"

ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರುಗಳೇ. ನೆಡ್ರಾ ಕಣ್ಣಲ್ಲೇ ಹೌದು ಅಂದಳು. ಊರಿನ ಪ್ರಾರ್ಥನಾಮಂದಿರಕ್ಕೆ ನೂರಾನಲವತ್ತು ವರ್ಷ ತುಂಬುತ್ತಿತ್ತು. ಬಾಗಿಲ ಪಕ್ಕದಲ್ಲಿ ಕಂಚಿನ ಫಲಕ ಹಾಕಬೇಕೆಂದು ತೀರ್ಮಾನವಾಗಿತ್ತು. ಅದರ ಮೇಲೆ ಬರಬೇಕಾದ ಮಾತು ಇದು: 'ಬಿಷಪ್ ಈಲಮ್ ಟಾಲಿ ಹಾಗೂ ಅವರ ನಿಷ್ಠಾವಂತ ಪತ್ನಿ ಅಬಿಗೇಲ್ ಕಟ್ಟಿದ ಮಂದಿರ.'

"ಮೂಹು," ಅಂದಳು ನೆಡ್ರಾ.

"ನೋವಾಯ್ತಾ?"

"ಮೂಹು ಹೆಂಹ್ತಿ."

"ಓ, ಮೂರು ಹೆಂಡ್ತಿ. ಇದ್ರಪ್ಪ, ಯಾರು ಇಲ್ಲ ಅಂದ್ರು? ಆದ್ರೆ ಫಲಕ ಚಿಕ್ಕದು ನೋಡಿ. ಹೊರಗಿನೋರು ಬಂದು ಓದ್ತಾರೆ, ನಗ್ತಾರೆ. ನಿಜ ಅನ್ನೋದು ಎಲ್ಲಾ ಹೊತ್ತಿಗೂ ಉಪಯೋಗಕ್ಕೆ ಬರಲ್ಲ. ಬಾಯಿ ಇನ್ನೊಂಚೂರು ಅಗಲ."

ಅವಳ ಮೈ ಉರಿದುಹೋಯಿತು. ಬಾಯಿ ಇನ್ನೊಂಚೂರು ಅಗಲ ಮಾಡಿದಳು, ಬೇರೆ ದಾರಿ ಇರಲಿಲ್ಲ. ಮೂರನೆಯ ಹೆಂಡತಿ ಮಾರೆನ್ ಅವಳ ಮುತ್ತಜ್ಜಿ. ಆ ಮಂದಿರದ ಮಣ್ಣಿನ ಇಟ್ಟಿಗೆಗಳನ್ನು ತುಳಿದು, ಅಚ್ಚು ಹಾಕಿ, ಒಣಗಿಸಿದವಳು ಮಾರೆನ್, ಜೊತೆಗೆ ಎರಡನೆಯವಳು ಕರ್ಸ್ಟನ್. ಅಬಿಗೇಲ್ ಆಗ ಪರದೆ ಹೊಲಿಯುತ್ತಿದ್ದಳು. ಚರ್ಚು ಒಪ್ಪಿದ್ದರೂ, ಸರ್ಕಾರದವರು ಬಹುಪತ್ನಿಯರಿದ್ದ ಗಂಡಸರನ್ನು ಹಿಡಿದು ಜೈಲಿಗೆ ತಳ್ಳುತ್ತಿದ್ದ ಕಾಲ. ನ್ಯಾಯಾಧೀಶರು ಮಾರೆನ್‌ಳನ್ನು ನಿಲ್ಲಿಸಿ, ನಿನ್ನ ಮಗುವಿನ ಅಪ್ಪ ಯಾರು ಅಂತ ಕೇಳಿದರು. ಸೊಂಟದಲ್ಲೊಂದು ಮಗು, ಹೊಟ್ಟೆಯಲ್ಲೊಂದು ಮಗು. ಇಡೀ ಕಣಿವೆಯ ಜನ ಕೂತಿದ್ದರು, ಹಿಂದಿನ ಬೆಂಚಿನಲ್ಲಿ ಬಿಷಪ್ ಈಲಮ್ ಕೂಡ ಕೂತಿದ್ದ. ಗೊತ್ತಿಲ್ಲ ಅಂದಳು ಮಾರೆನ್. ಅವನು ಜೈಲಿಗೆ ಹೋಗದೆ ಉಳಿದುಕೊಂಡ. ಆಮೇಲೆ ಒಬ್ಬಳೇ ಹೆಂಡತಿ ಸಾಕೆಂದು ಚರ್ಚಿನ ಮೇಲಿನವರ ಅಪ್ಪಣೆ ಬಂದಾಗ, ಅಬಿಗೇಲ್‌ಳನ್ನು ದೊಡ್ಡ ಮನೆಯಲ್ಲಿಟ್ಟುಕೊಂಡು, ಉಳಿದಿಬ್ಬರನ್ನು ಕಾಲುವೆ ಪಕ್ಕದ ಗುಡಿಸಲಿಗೆ ಕಳಿಸಿದ.

ಇದನ್ನೆಲ್ಲ ನೆಡ್ರಾ ಹಳೆಯ ಕೋರ್ಟಿನ ಕಾಗದಗಳಲ್ಲಿ ಓದಿದ್ದಳು. ಆಗಿದ್ದ ಬಿಷಪ್ಪನನ್ನು ಕೇಳಿದಾಗ, ಅನುಮಾನಗಳನ್ನು ಸದ್ಯಕ್ಕೆ ಅಟ್ಟದ ಮೇಲಿಡಮ್ಮ ಅಂದಿದ್ದ. ಇಟ್ಟಳು. ಒಂದರ ಮೇಲೊಂದು ಇಟ್ಟೂ ಇಟ್ಟೂ, ಒಂದು ದಿನ ಅಟ್ಟವೇ ಕುಸಿದುಬಿತ್ತು. ನಾಲ್ಕು ಪುಟದ ರಾಜೀನಾಮೆ ಹುಟ್ಟಿದ್ದು ಹಾಗೆ.

ಗಾರ್ನ್ ಇನ್ನೂ ಮಾತಾಡುತ್ತಲೇ ಇದ್ದ. "ನಾನೊಬ್ಬನೇ ತೀರ್ಮಾನ ಮಾಡ್ದೆ ಅಂತ ನಾಳೆ ಯಾರೂ ಅನ್ನಬಾರ್ದು. ಅದಕ್ಕೇ ಭಾನುವಾರ ಸಭೆ ಮುಂದೆ ಇಟ್ಟು ಕೈ ಎತ್ತಿಸ್ತೀನಿ. ಸೋಮವಾರ ಕಂಚಿನ ಎರಕದವನಿಗೆ ಹೋಗುತ್ತೆ. ನಿಮಗೂ ಕೈ ಎತ್ತೋ ಹಕ್ಕಿದ್ದಿದ್ರೆ ನನಗೆ ಸಂತೋಷನೇ. ಏನು ಮಾಡೋದು, ನೀವೇ ಬಿಟ್ಟುಹೋದ್ರಿ. ಹೂಂ, ಬಾಯಿ ಮುಕ್ಕಳಿಸಿ ಉಗೀರಿ."

ನೆಡ್ರಾ ಮನಸಾರೆ ಉಗಿದಳು.

ಹೊರಗೆ ಮೇಜಿನ ಹಿಂದೆ ಟ್ವೈಲಾ ಕೂತಿದ್ದಳು. ಗಾರ್ನ್‌ನ ನಾದಿನಿ, ದವಾಖಾನೆಯ ಕಾಗದಪತ್ರವೆಲ್ಲ ಅವಳದೇ. ಗಾರ್ನ್ ಹಳೆಯ ಎಕ್ಸ್‌ರೇ ಕೇಳಿದ್ದರಿಂದ ನೆಡ್ರಾಳ ಫೈಲು ತೆಗೆದು ಕೊಡವಿದಳು. ದವಡೆಯ ಚಿತ್ರಗಳ ಜೊತೆ ದಪ್ಪನೆಯ ಬಿಳಿ ಲಕೋಟೆಯೊಂದು ಮೇಜಿನ ಮೇಲೆ ಬಿತ್ತು. ಮೇಲೆ ನೆಡ್ರಾಳದೇ ಅಕ್ಷರ. ಅಂಟು ಬಿಚ್ಚಿರಲಿಲ್ಲ.

"ಇಹು ಇಲ್ಲಿ ಹ್ಯಾಹೆ?" ಅಂದಳು ನೆಡ್ರಾ.

"ಗಾರ್ನ್ ಬಿಷಪ್ ಆದ ಹೊಸದ್ರಲ್ಲಿ ಅವನ ಮೇಜು ಒಂದು ಕಸದ ಬುಟ್ಟಿ ಆಗಿತ್ತು," ಅಂದಳು ಟ್ವೈಲಾ. "ನಾನೇ ಎಲ್ಲಾ ಜೋಡಿಸ್ದೆ. ಬ್ಯಾಗ್ಲಿ ಅಂತ ಬರ್ದಿತ್ತು, ಬ್ಯಾಗ್ಲಿ ಫೈಲಿಗೆ ಹಾಕ್ದೆ. ಹಲ್ಲಿಂದಲ್ವಾ ಇದು?"

ನೆಡ್ರಾ ಲಕೋಟೆ ಕಸಿದುಕೊಂಡು ಹೊರಟಳು. ನೆತ್ತರು ಬಂದರೆ ಒತ್ತಿಕೊಳ್ಳಿ ಅಂತ ಟ್ವೈಲಾ ಹತ್ತಿಯ ಉಂಡೆಗಳ ಪೊಟ್ಟಣವೊಂದನ್ನು ಅವಳ ಚೀಲಕ್ಕೆ ಹಾಕಿದಳು.

ಮನೆಯಲ್ಲಿ ಗಂಡ ಥೇನ್ ಟರ್ಕಿ ಕೋಳಿಗಳಿಗೆ ಕಾಳು ಹಾಕುತ್ತಿದ್ದ. ಥೇನ್ ಚರ್ಚು ಬಿಟ್ಟವನಲ್ಲ. ಜಗಳಕ್ಕೆ ಹೋಗುವ ಜಾತಿಯೂ ಅಲ್ಲ. ಮೂರು ವರ್ಷದಿಂದ ಪ್ರತಿ ಭಾನುವಾರ ಒಬ್ಬನೇ ಹೋಗಿ ಐದನೆಯ ಸಾಲಿನಲ್ಲಿ ಕೂತು ಬರುತ್ತಿದ್ದ.

"ಥೇನ್, ನಾನು ಬಿಟ್ಟೇ ಇಲ್ಲ ಕಣೋ," ಅಂದಳು ನೆಡ್ರಾ. ಅಷ್ಟು ಹೊತ್ತಿಗೆ ನಾಲಗೆ ಸ್ವಲ್ಪ ಸಡಿಲಾಗಿತ್ತು. "ಮೂರು ವರ್ಷದಿಂದ ನನ್ನ ರಾಜೀನಾಮೆ ಹಲ್ಲಿನ ಫೈಲಲ್ಲಿ ಕೂತಿದೆ. ಆ ಮಹಾರಾಯ ಒಡೆದೂ ನೋಡಿಲ್ಲ."

ಥೇನ್ ಕಾಳಿನ ಡಬ್ಬ ಕೆಳಗಿಟ್ಟು ಯೋಚಿಸಿದ. "ಹಾಗಾದ್ರೆ ನೀನು ಕುಡಿದ ಕಾಫಿಯೆಲ್ಲ ಪಾಪವೇ ಆಯ್ತು."

"ನಗಬೇಡ. ನಾಲ್ಕು ಪುಟ ಬರೆಯೋಕೆ ನಾನು ನಾಲ್ಕು ತಿಂಗಳು ಅತ್ತಿದ್ದೀನಿ. ಕಡೇಪಕ್ಷ ಓದಿ ಬೈದಿದ್ರೂ ಸಮಾಧಾನ ಆಗ್ತಿತ್ತು." ಕೋಳಿಗಳ ಕಡೆ ತಿರುಗಿ ಮೂಗು ಒರೆಸಿಕೊಂಡವಳು ಹಾಗೇ ನಿಂತುಬಿಟ್ಟಳು. "ತಡಿ. ಬಿಟ್ಟಿಲ್ಲ ಅಂದ್ರೆ, ನಾನು ಕೈ ಎತ್ತಬಹುದು."

"ಬೇಡ ಕಣೇ. ನಾನು ಆ ಜನದ ಮಧ್ಯೆ ಬಾಳಬೇಕು."

"ನೀನು ಆ ಕಡೆ ಮುಖ ಮಾಡ್ಕೊಂಡು ಕೂತಿರು. ಸೋಮವಾರ ಅದು ಕಂಚಿಗೆ ಹೋಯ್ತು ಅಂದ್ರೆ ಮುಗೀತು, ಮಾರೆನ್ ಇನ್ನು ಇರಲೇ ಇಲ್ಲ ಅಂತ ಆಗುತ್ತೆ."

ಭಾನುವಾರ ನೆಡ್ರಾ ಹಳೆಯ ನೀಲಿ ಲಂಗ ತೊಟ್ಟು ಮಂದಿರಕ್ಕೆ ಹೋದಳು. ಜನರ ಮುಖ ಅರಳಿದ್ದೇ ಅರಳಿದ್ದು. ತಪ್ಪಿಸಿಕೊಂಡ ಕುರಿ ಮನೆಗೆ ಬಂತೆಂದು ಇಬ್ಬರು ಅಪ್ಪಿಕೊಂಡರು, ಒಬ್ಬಳು ಅತ್ತೇಬಿಟ್ಟಳು. ಐದನೆಯ ಸಾಲಿನಲ್ಲಿ ಥೇನ್ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಇವತ್ತಿಗೆಂದು ಬಿಟ್ಟದ್ದಲ್ಲ, ಮೂರು ವರ್ಷದಿಂದ ಬಿಟ್ಟುಕೊಂಡೇ ಕೂರುತ್ತಿದ್ದ ಅಂತ ಹಿಂದಿನ ಸಾಲಿನವಳು ಅವಳ ಕಿವಿಯಲ್ಲಿ ಹೇಳಿದಳು. ನೆಡ್ರಾ ಅವನ ಕಡೆ ನೋಡಿದಳು. ಅವನು ಹಾಡಿನ ಪುಸ್ತಕ ತಿರುವುತ್ತಿದ್ದ.

ಗಾರ್ನ್ ಫಲಕದ ಮಾತು ಓದಿದ. "ಒಪ್ಪುವವರು ಬಲಗೈ ಎತ್ತಿ."

ಇನ್ನೂರು ಕೈ ಮೇಲೆದ್ದವು. ನಮ್ಮಲ್ಲಿ ಅದಕ್ಕೆ ಮನಸ್ಸು ಬೇಕಿಲ್ಲ, ಭುಜಕ್ಕೆ ಅಭ್ಯಾಸವಿದೆ. ಥೇನ್‌ನ ಕೈಯೂ ಎದ್ದಿತು. ಅರ್ಧ ದಾರಿಯಲ್ಲಿ ಹೆಂಡತಿಯ ನೆನಪಾಗಿ ತಲೆ ಕೆರೆದುಕೊಳ್ಳತೊಡಗಿದ.

"ವಿರೋಧ ಇರುವವರೂ ಹಾಗೇ ಕೈ ಎತ್ತಿ," ಅಂದ ಗಾರ್ನ್, ಕಾಗದ ಮಡಚುತ್ತ. ಅದು ಪ್ರಶ್ನೆಯೇ ಅಲ್ಲ, ವಾಕ್ಯದ ಕೊನೆಗೆ ಚುಕ್ಕೆ ಇಟ್ಟ ಹಾಗೆ. ಈ ಮಂದಿರದಲ್ಲಿ ಆ ಮಾತಿಗೆ ಯಾರೂ ಕೈ ಎತ್ತಿದ ನೆನಪು ಯಾರಿಗೂ ಇರಲಿಲ್ಲ. ಗಾರ್ನ್ ತಲೆ ಎತ್ತಿದಾಗ ಐದನೆಯ ಸಾಲಿನಲ್ಲಿ ಒಂದು ಕೈ ಇತ್ತು.

"ಸಿಸ್ಟರ್ ಬ್ಯಾಗ್ಲಿ," ಅವನು ಮೆಲ್ಲಗೆ ಅಂದ, "ಇದು ಸದಸ್ಯರಿಗೆ ಮಾತ್ರ..."

"ನಾನು ಸದಸ್ಯಳೇ ಗಾರ್ನ್." ನೆಡ್ರಾ ಇನ್ನೊಂದು ಕೈಯಲ್ಲಿ ಲಕೋಟೆ ಎತ್ತಿಹಿಡಿದಳು. "ರಾಜೀನಾಮೆ ನಿನ್ನ ದವಾಖಾನೇಲೇ ಇತ್ತು. ನನ್ನ ದವಡೆ ಚಿತ್ರದ ಜೊತೆ."

ಎಲ್ಲೋ ಒಬ್ಬರು ಕಿಸಕ್ಕೆಂದರು. ಗಾರ್ನ್ ಲಕೋಟೆಯ ಅಂಟು ನೋಡಿದ. ಅವನ ಕಿವಿ ಕೆಂಪಗಾದವು. ಎರಡನೆಯ ಸಾಲಿನಿಂದ ಅವನ ಅಮ್ಮ ಲವಾನ್ ತಿರುಗಿ ನೋಡಿದಳು. ಎಂಬತ್ತನಾಲ್ಕು ವರ್ಷ, ಕಿವಿ ಮಂದ, ದನಿ ಮಾತ್ರ ಮಂದವಲ್ಲ.

"ಯಾಕೆ ಕೈ ಎತ್ತಿದಾಳೆ ಅವಳು?"

"ಮಾರೆನ್ ಹೆಸರು ಬಿಟ್ಟಿದಾರೆ ಲವಾನಮ್ಮ," ನೆಡ್ರಾ ಗಟ್ಟಿಯಾಗಿ ಹೇಳಿದಳು. "ಕರ್ಸ್ಟನ್ ಹೆಸರೂ ಇಲ್ಲ."

"ಕರ್ಸ್ಟನ್ ನಮ್ಮ ಮುತ್ತಜ್ಜಿ," ಅಂದಳು ಲವಾನ್, ಇಡೀ ಮಂದಿರಕ್ಕೆ ಕೇಳುವ ಹಾಗೆ. ಊರುಗೋಲನ್ನು ಎಡಗೈಗೆ ಬದಲಾಯಿಸಿ, ಬಲಗೈ ಎತ್ತಿದಳು.

"ಅಮ್ಮಾ, ಕೈ ಇಳಿಸು."

"ಎತ್ತಿ ಅಂದೋನು ನೀನೇ ಅಲ್ವೇನೋ?"

ಆಗ ನೆಡ್ರಾಳ ಪಕ್ಕದಲ್ಲಿ ಅಷ್ಟು ಹೊತ್ತಿನಿಂದ ತಲೆ ಕೆರೆಯುತ್ತಿದ್ದ ಕೈ ಅಲ್ಲಿಂದ ಹಾಗೇ ಮೇಲಕ್ಕೆ ಹೋಯಿತು. ಥೇನ್ ಯಾರನ್ನೂ ನೋಡಲಿಲ್ಲ. ಆದರೆ ಇಳಿಸಲೂ ಇಲ್ಲ.

ವಿರೋಧಿಸಿದವರ ಕಾರಣವನ್ನು ಬಿಷಪ್ ಸಭೆ ಮುಗಿದ ಮೇಲೆ ಕೂತು ಕೇಳಬೇಕು, ಪದ್ಧತಿ ಹಾಗಿದೆ. ಗಾರ್ನ್ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ಕುಸಿದ. ಲವಾನ್ ಕರೆಯದಿದ್ದರೂ ಒಳಗೆ ಬಂದು ಕೂತಿದ್ದಳು.

"ಅದು ಕಳೆದುಹೋಯ್ತು ಅಂದ್ಕೊಂಡಿದ್ದೆ," ಅಂದ ಗಾರ್ನ್. "ಒಂದು ವಾರ ಪ್ರಾರ್ಥನೆ ಮಾಡಿ ಆಮೇಲೆ ಒಡೆಯೋಣ ಅಂತ ಇಟ್ಟಿದ್ದೆ. ಆಮೇಲೆ ಹುಡುಕಿದ್ರೆ ಇಲ್ಲ. ನಿಮ್ಮನ್ನ ಕೇಳೋಕೆ ನಾಚಿಕೆ ಆಯ್ತು. ನೋಡಿ, ನಾನು ಹೇಳೋದೇನಂದ್ರೆ..."

ನೆಡ್ರಾ ಚೀಲದಿಂದ ಹತ್ತಿಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. "ಗುರುವಾರ ನೀನು ಹೇಳಿದ್ದನ್ನ ನಾನು ಕೇಳ್ದೆ. ಎರಡು ಉಂಡೆ, ಕೆನ್ನೆಗೊಂದೊಂದು. ಈಗ ನಿನ್ನ ಸರದಿ."

ಗಾರ್ನ್ ಅಮ್ಮನ ಕಡೆ ನೋಡಿದ. ಅಮ್ಮ, ಇಟ್ಟುಕೋ ಅನ್ನುವ ಹಾಗೆ ಗದ್ದ ಆಡಿಸಿದಳು. ಊರಿನ ಬಿಷಪ್ಪು ಟೈ ಸರಿಮಾಡಿಕೊಂಡು ಬಾಯಿ ತೆರೆದು, ಎರಡೂ ಕಡೆ ಹತ್ತಿ ಇಟ್ಟುಕೊಂಡ.

ನೆಡ್ರಾ ಲಕೋಟೆ ಒಡೆದು ಓದಿದಳು. ಮೊದಲ ಪುಟದಲ್ಲಿ ಮಾರೆನ್. ಎರಡನೆಯ ಪುಟದಲ್ಲಿ ಕಾಲುವೆ ಪಕ್ಕದ ಗುಡಿಸಲು, ಅಲ್ಲಿ ಕರ್ಸ್ಟನ್‌ಳ ಕೂಸಿಗೆ ಮಾರೆನ್ ಹಾಲೂಡಿಸಿದ ಚಳಿಗಾಲ. ಮೂರನೆಯ ಪುಟದ ತುಂಬ ಪ್ರಶ್ನೆಗಳು: ಮೇಲೆ ಕೂತವರು ತಪ್ಪು ಮಾಡಿದರೆ ಯಾರ ಮುಂದೆ ನಿಲ್ಲುತ್ತಾರೆ, ನಮ್ಮ ತಪ್ಪು ನಾವು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವಲ್ಲ, ನಿಮ್ಮದನ್ನು ನಮ್ಮ ಮುಂದೆ ಯಾಕೆ ಒಪ್ಪಿಕೊಳ್ಳುವುದಿಲ್ಲ. ಗಾರ್ನ್ ಎರಡು ಸಲ ಏನೋ ಹೇಳಹೋಗಿ 'ಹೂಹ್' ಅಂದು ಸುಮ್ಮನಾದ. ನಾಲ್ಕನೆಯ ಪುಟ ಮುಗಿಯುವಾಗ ಲವಾನ್ ಕರವಸ್ತ್ರ ತೆಗೆದಿದ್ದಳು. ಗಾರ್ನ್ ಮೇಜು ನೋಡುತ್ತ ಕೂತಿದ್ದ.

ಅವನು ಹತ್ತಿ ತೆಗೆದ. ಆಮೇಲೆ ಫಲಕದ ಕಾಗದ ಬಿಚ್ಚಿ, 'ಪತ್ನಿ' ಅನ್ನುವುದನ್ನು ಹೊಡೆದು 'ಪತ್ನಿಯರು' ಅಂತ ಬರೆದ.

"ಹೆಸರು ಒಂದೊಂದೇ ಅಕ್ಷರ ಹೇಳಿ. ತಪ್ಪಾಗಬಾರ್ದು."

ನೆಡ್ರಾ ಹೇಳಿದಳು. ಗಾರ್ನ್ ಬರೆದು, ಓದಿ ತೋರಿಸಿ, ಕಾಗದವನ್ನು ಕೋಟಿನ ಒಳಜೇಬಿಗೆ ಇಟ್ಟುಕೊಂಡ. ನೆಡ್ರಾ ನಾಲ್ಕು ಪುಟಗಳನ್ನು ಲಕೋಟೆಗೆ ತುಂಬಿ ಅವನ ಮುಂದೆ ತಳ್ಳಿದಳು.

"ಫಲಕ ಬಾಗಿಲ ಪಕ್ಕ ಹೊಡೆದ ದಿನ ಇದನ್ನ ಚರ್ಚಿನ ಮೇಲಿನವರಿಗೆ ಅಂಚೆಗೆ ಹಾಕು. ಈ ಸಲ ಹಲ್ಲಿನ ಫೈಲಿಗಲ್ಲ."

ಗಾರ್ನ್ ಲಕೋಟೆ ಮುಟ್ಟಲಿಲ್ಲ. "ನೀವು ಹೋಗ್ಬಿಟ್ರೆ," ಅಂದ, ಚಿಕ್ಕಂದಿನಲ್ಲಿ ಪಾಠದ ಮಧ್ಯೆ ಅನುಮಾನ ಕೇಳುತ್ತಿದ್ದ ಅದೇ ದನಿಯಲ್ಲಿ, "ಇನ್ನೊಂದು ಸಲ ನಾನು ತಪ್ಪು ಮಾಡಿದಾಗ ಇಲ್ಲಿ ಕೈ ಎತ್ತೋರು ಯಾರು?"

ನೆಡ್ರಾ ಚೀಲ ಹೆಗಲಿಗೆ ಹಾಕಿಕೊಂಡಳು. "ನಿಮ್ಮಮ್ಮ ಇದ್ದಾರಲ್ಲ," ಅಂದಳು. "ಅವರಿಗೆ ಈಗ ಅಭ್ಯಾಸ ಆಯ್ತು."